ಆರನೇ ಪ್ಯಾರಾ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೇಲ್ ಬರೆಯುವುದನ್ನು ಹೇಳಿಕೊಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ತುಮಕೂರಿಗೆ ಹತ್ತಿರದ ಹಿರೇಹಳ್ಳಿಯ ನಮ್ಮ ಕಾರ್ಖಾನೆಯ ಮಹಡಿಯ ಮೇಲಿನ ಹಾಲ್‌ನಲ್ಲಿ ಅರ್ಧ ದಿನದ ಪಾಠ. ಡಿಪ್ಲೊಮಾ ಮುಗಿಸಿದ ಹುಡುಗರು, ಹುಡುಗಿಯರು, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರು, ಹೊಸ ನೋಟ್‌ಬುಕ್ ತೆರೆದು ಕೂರುತ್ತಾರೆ. ಮಾತಿಗೆ ನಿಂತರೆ ಎಲ್ಲರೂ ಚುರುಕು. ಒಂದು ಮೇಲ್ ಬರೆಯಿರಿ ಅಂದರೆ ಮಾತ್ರ ಎಲ್ಲರ ಬೆನ್ನೂ ಬಾಗುತ್ತದೆ. ಮಾನ್ಯರೇ ಎಂದು ಒಮ್ಮೆ, ತಮ್ಮ ಮೇಲಿನ ಗೌರವದಿಂದ ಎಂದು ಇನ್ನೊಮ್ಮೆ ಕೈ ಮುಗಿದು, ತಾವು ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ಅಮೂಲ್ಯ ಸಮಯ ತೆಗೆದುಕೊಂಡಿದ್ದಕ್ಕೆ ಕ್ಷಮೆ ಕೇಳಿ, ಅಷ್ಟೆಲ್ಲ ಆದ ಮೇಲೆ ವಿಷಯಕ್ಕೆ ಬರುತ್ತಾರೆ. ಮೇಲೆ ವಿಷಯ ಬರೆಯಬೇಕಾದ ಜಾಗ ಖಾಲಿ ಇರುತ್ತದೆ.

ಇಂಗ್ಲಿಷ್ ತಪ್ಪಿದ್ದರೆ ನಾನು ಬಯ್ಯುವುದಿಲ್ಲ. ನನ್ನದೇ ಇಂಗ್ಲಿಷ್ ಗುಬ್ಬಿಯ ಕನ್ನಡ ಶಾಲೆಯಲ್ಲಿ ಕಲಿತದ್ದು, ಈಗಲೂ ಕೆಲವು ಕಡೆ ಕುಂಟುತ್ತದೆ. ಆದರೆ ಹೇಳಬೇಕಾದ ಮಾತನ್ನು ಕೊನೆಗೆ ತಳ್ಳಿದ್ದು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹೋದ ಸಲ ಒಬ್ಬಳು ಅತ್ತೇಬಿಟ್ಟಳು. ಊಟದ ಹೊತ್ತಿನಲ್ಲಿ ಅವಳು ಗೆಳತಿಯ ಹತ್ತಿರ, ಒಂದು ಮೇಲ್‌ಗೆ ಈ ಯಮ್ಮ ಇಷ್ಟು ಕೂಗಾಡ್ತದಲ್ಲ ಎಂದದ್ದು ನನ್ನ ಕಿವಿಗೆ ಬಿತ್ತು. ಅವಳು ಹೇಳಿದ್ದು ಸರಿ. ನಾನು ಕೂಗಿದ್ದು ಅವಳ ಮೇಲಲ್ಲ. ಆರನೇ ಪ್ಯಾರಾದಲ್ಲಿ ಒಂದು ಮಾತನ್ನು ಬರೆದು, ಅದರಿಂದ ಒಬ್ಬ ಮನುಷ್ಯನ ಬಲಗೈಯ ಮೂರು ಬೆರಳು ಹೋಗುವುದಕ್ಕೆ ದಾರಿ ಮಾಡಿದವಳೊಬ್ಬಳಿದ್ದಾಳೆ. ಕೂಗಿದ್ದು ಅವಳ ಮೇಲೆ. ಅದನ್ನು ಆ ಹಾಲ್‌ನಲ್ಲಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಮ್ಮ ಮನೆ ಇದ್ದದ್ದು ಗುಬ್ಬಿಗೆ ಹತ್ತಿರದ ಹಳ್ಳಿಯಲ್ಲಿ. ನಮ್ಮ ಕಡೆ ಯಾರೇ ಏನೇ ಕೆಲಸವಿಟ್ಟುಕೊಂಡು ಬಂದರೂ ಬಂದ ಕೂಡಲೇ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೂರಬೇಕು, ನೀರು ಕುಡಿಯಬೇಕು, ತೆಂಗಿನ ಮರಕ್ಕೆ ಬಂದ ರೋಗ, ಬೋರ್‌ವೆಲ್‌ನಲ್ಲಿ ಇಳಿದ ನೀರು, ಯಾರ ಮಗಳಿಗೋ ನೋಡಿದ ಗಂಡು, ಇಷ್ಟನ್ನೂ ಮಾತಾಡಬೇಕು. ಕಾಫಿ ಲೋಟ ಕೆಳಗಿಟ್ಟು ಎದ್ದು, ಹೊಸ್ತಿಲು ದಾಟಿ, ಚಪ್ಪಲಿಗೆ ಕಾಲು ತೂರಿಸುತ್ತಾ, ‘ಹಂಗೇ ಒಂದ್ ಮಾತು’ ಎಂದು ಬಂದ ಕೆಲಸ ಹೇಳಬೇಕು. ಮೊದಲೇ ಹೇಳಿದರೆ ಅದು ಮುಖಕ್ಕೆ ಹೊಡೆದ ಹಾಗೆ, ಕೆಲಸಕ್ಕಷ್ಟೇ ನಮ್ಮ ನೆನಪಾಯಿತೇ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿತ್ತು. ಅದನ್ನು ಹೇಳಲೆಂದೇ ಬಂದ ಪಕ್ಕದ ಮನೆಯ ಅಜ್ಜ ಎರಡು ಲೋಟ ಮಜ್ಜಿಗೆ ಕುಡಿದು, ಅಪ್ಪನ ಮಂಡಿನೋವು ವಿಚಾರಿಸಿ, ಬಾಗಿಲಲ್ಲಿ ನಿಂತು ಹೇಳಿದರು. ಮೇಯುತ್ತಿದ್ದದ್ದು ಅವರದೇ ಹೊಲ. ಅಪ್ಪ ಓಡಿಹೋಗುವ ಹೊತ್ತಿಗೆ ಅರ್ಧ ಸಾಲು ಮೇಯ್ದು ಮುಗಿದಿತ್ತು. ಆದರೂ ಮನೆಯಲ್ಲಿ ಆ ಅಜ್ಜನನ್ನು ಎಷ್ಟು ದೊಡ್ಡ ಮನುಷ್ಯ ಎಂದೇ ಹೊಗಳಿದರು. ಅಂಥ ಮನೆಯಲ್ಲಿ ಬೆಳೆದವಳು ನಾನು.

ಬಿ.ಕಾಂ. ಮುಗಿಸಿ, ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಈ ಕಾರ್ಖಾನೆಯ ಆಫೀಸಿಗೆ ಸೇರಿದೆ. ವಾಹನಗಳಿಗೆ ಬೇಕಾದ ಸಣ್ಣ ತಗಡಿನ ಭಾಗಗಳನ್ನು ಒತ್ತಿ ಕತ್ತರಿಸುವ ಕಾರ್ಖಾನೆ ಅದು. ಕೆಳಗೆ ಪ್ರೆಸ್ ಯಂತ್ರಗಳು, ಮೇಲೆ ಗಾಜಿನ ಆಫೀಸು. ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಅಲ್ಲಿಗೆ ಏನು ತಿಳಿಸಬೇಕಾದರೂ ಇಂಗ್ಲಿಷ್ ಮೇಲ್‌ನಲ್ಲೇ ತಿಳಿಸಬೇಕು, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಮ್ಮ ಮ್ಯಾನೇಜರ್ ಯಂತ್ರದ ಮುಂದೆ ಹುಲಿ, ಕೀಬೋರ್ಡಿನ ಮುಂದೆ ಕೂತರೆ ಬೆವರುತ್ತಿದ್ದರು. ಹೀಗಾಗಿ ಅವರ ಮೇಲ್‌ಗಳನ್ನೆಲ್ಲ ನಾನೇ ಬರೆಯುವಂತಾಯಿತು. ಅವರು ಹೇಳುತ್ತಿದ್ದರು, ನಾನು ಚಂದ ಮಾಡುತ್ತಿದ್ದೆ. ಕ್ರಮೇಣ ಸೂಪರ್‌ವೈಸರ್‌ಗಳು, ಫಿಟ್ಟರ್‌ಗಳು, ಕ್ಯಾಂಟೀನಿನವರು, ಯಾರಿಗೇ ಒಂದು ಮೇಲ್ ಬೇಕಾದರೂ ನನ್ನ ಮೇಜಿನ ಹತ್ತಿರ ಬರತೊಡಗಿದರು. ನನಗೆ ಅದು ಒಳಗೊಳಗೇ ಹೆಮ್ಮೆಯಾಗಿತ್ತು. ನನ್ನ ಮೇಲ್‌ಗಳಲ್ಲಿ ವಿನಯ ಎಷ್ಟಿರುತ್ತಿತ್ತೆಂದರೆ, ಬೆಂಗಳೂರಿನಿಂದ ಬಂದ ಒಬ್ಬರು ಓದುವಾಗ ಮದುವೆ ಊಟಕ್ಕೆ ಕೂತ ಹಾಗಾಯಿತು, ಅನ್ನ ಬರುವಷ್ಟರಲ್ಲಿ ಹೊಟ್ಟೆ ತುಂಬಿತ್ತು ಎಂದಿದ್ದರು. ಅದು ಹೊಗಳಿಕೆಯೆಂದೇ ನಾನು ತಿಳಿದೆ.

ಮೂರನೇ ಪ್ರೆಸ್ಸಿನ ಆಪರೇಟರ್ ಕುಣಿಗಲ್ ತಾಲ್ಲೂಕಿನವರು, ಮಾರ್ಕೋನಹಳ್ಳಿ ನಾಲೆಯ ಬಯಲಿನ ಒಂದು ಹಳ್ಳಿ. ನಲವತ್ತು ದಾಟಿದ್ದರು. ತುಮಕೂರಿನಲ್ಲಿ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಕೆಲಸದಲ್ಲಿ ಬಹಳ ಹುಷಾರು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತರು. ನಮ್ಮ ಅತ್ತೆಯ ಕಣ್ಣಿನ ಆಪರೇಷನ್ ಹೇಗಾಯಿತೆಂದು ಕೇಳಿದರು. ಈ ಸಲ ನಾಲೆಗೆ ನೀರು ಬಿಟ್ಟದ್ದನ್ನು ಹೇಳಿದರು. ನಾನು ಆ ತಿಂಗಳ ವರದಿಯ ಮೇಲ್ ಬರೆಯುತ್ತಿದ್ದೆ, ಹೂಂ, ಹೂಂ ಎನ್ನುತ್ತಿದ್ದೆ. ಅವರು ಹೊರಟು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ತಿರುಗಿ ನಿಂತರು.

‘ಹಂಗೇ ಒಂದ್ ಮಾತು ಮೇಡಂ. ನಮ್ ಪ್ರೆಸ್ಸಿನ ಸೆನ್ಸರ್ ಒಂದೊಂದ್ ಸಲ ಕೆಲ್ಸ ಮಾಡ್ತಿಲ್ಲ. ಕೈ ಒಳಗಿದ್ರೂ ಮ್ಯಾಲಿಂದು ಇಳಿಯಕ್ಕೆ ಬತ್ತೈತೆ. ಬೆಂಗ್ಳೂರಿಗೆ ಬರೆಯೋವಾಗ ಒಂದ್ ಲೈನ್ ಸೇರಿಸ್ಬುಡಿ.’

ಆ ಸೆನ್ಸರ್‌ನ ಕೆಲಸ ಇಷ್ಟೇ: ತಗಡು ಇಡಲು ಆಪರೇಟರ್ ಕೈ ಒಳಗೆ ಹೋಗಿದ್ದರೆ ಮೇಲಿನ ಅಚ್ಚು ಇಳಿಯದಂತೆ ತಡೆಯುವುದು. ಅದನ್ನು ಬದಲಾಯಿಸಲು ಮುಖ್ಯ ಕಚೇರಿಯ ಒಪ್ಪಿಗೆ ಬೇಕು. ನಾನು ಆಯ್ತಣ್ಣ ಎಂದೆ. ಹೇಳಿದ ಹಾಗೆ ಬರೆದೆ ಕೂಡ. ಆದರೆ ಎಲ್ಲಿ ಬರೆದೆ? ಮೇಲ್‌ನ ತಲೆಯಲ್ಲಿ ‘ತಿಂಗಳ ವರದಿ’ ಎಂದಿತ್ತು. ಮೊದಲ ಪ್ಯಾರಾದಲ್ಲಿ ಕ್ಷೇಮ ಸಮಾಚಾರ. ಆಮೇಲೆ ಆ ತಿಂಗಳು ಎಷ್ಟು ಮಾಲು ಹೋಯಿತು ಎಂಬುದು, ಹಬ್ಬಕ್ಕೆ ಸಿಹಿ ಕಳಿಸಿದ್ದಕ್ಕೆ ಎಲ್ಲರ ಪರವಾಗಿ ಧನ್ಯವಾದ, ಹೊಸ ಸಮವಸ್ತ್ರದ ಅಳತೆ, ಶೌಚಾಲಯದ ನಲ್ಲಿ. ಇಷ್ಟಾದ ಮೇಲೆ ಆರನೇ ಪ್ಯಾರಾದಲ್ಲಿ, ಹಾಗೆಯೇ ಇನ್ನೊಂದು ಸಣ್ಣ ವಿಷಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ ಎಂದು ಶುರು ಮಾಡಿ ಸೆನ್ಸರ್ ವಿಷಯ ಬರೆದೆ. ತಮಗೆ ಬಿಡುವಾದಾಗ ನೋಡಬೇಕು ಎಂದೂ ಸೇರಿಸಿದೆ. ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿ ದೊಡ್ಡವರ ಮನಸ್ಸು ಕೆಡಿಸಬಾರದು ಎಂಬುದು ನನ್ನ ರಕ್ತದಲ್ಲೇ ಇತ್ತು. ಮ್ಯಾನೇಜರ್ ಬಗ್ಗಿ ಪರದೆ ನೋಡಿ ಮೊದಲ ಎರಡು ಪ್ಯಾರಾ ಓದಿ, ಚೆನ್ನಾಗಿದೆ ಕಳಿಸಮ್ಮ ಎಂದರು. ಅವರ ಐಡಿಯಿಂದಲೇ ಕಳಿಸಿದೆ.

ಉತ್ತರ ಬರಲಿಲ್ಲ. ವರದಿಗೆ ಯಾರು ಉತ್ತರ ಬರೆಯುತ್ತಾರೆ ಎಂದು ನಾನೂ ಸುಮ್ಮನಾದೆ. ನಾಲ್ಕೈದು ದಿನ ಕಳೆದ ಮೇಲೆ ಕ್ಯಾಂಟೀನಿನಲ್ಲಿ ಆ ಅಣ್ಣ ಸಿಕ್ಕರು. ಬರೆದ್ರಾ ಮೇಡಂ ಎಂದು ಕೇಳಿದರು. ಬರೆದೆ ಅಣ್ಣ, ಹೋಗಿದೆ ಎಂದೆ. ಹಂಗಾರೆ ಹೊಸಾದು ಬತ್ತೈತೆ ಬುಡಿ ಎಂದು ತಟ್ಟೆ ತೊಳೆಯಲು ಹೋದರು.

ಎರಡನೇ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೆಳಗೆ ಪ್ರೆಸ್ಸುಗಳ ಸದ್ದು ಒಂದೊಂದಾಗಿ ನಿಂತಿತು. ದಿನವಿಡೀ ಕಿವಿಯಲ್ಲಿದ್ದ ಸದ್ದು ನಿಂತಾಗ ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಆ ಅಣ್ಣನನ್ನು ಇಬ್ಬರು ಹಿಡಿದು ಜೀಪಿನ ಕಡೆ ನಡೆಸುತ್ತಿದ್ದರು. ಬಲಗೈಗೆ ಯಾರದೋ ಅಂಗಿ ಸುತ್ತಿದ್ದರು. ಅವರು ಕೂಗುತ್ತಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡರು, ತಲೆ ಬಗ್ಗಿಸಿ ಜೀಪು ಹತ್ತಿದರು. ತುಮಕೂರಿನ ಆಸ್ಪತ್ರೆಯಿಂದ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರೂ ಹೋಗಿದ್ದವು.

ನಾನು ಮೇಜಿಗೆ ಬಂದು ಕಳಿಸಿದ ಮೇಲ್‌ಗಳಲ್ಲಿ ಅದನ್ನು ಹುಡುಕಿದೆ. ಹುಡುಕುವುದಕ್ಕೇ ಹೊತ್ತು ಹಿಡಿಯಿತು, ಏಕೆಂದರೆ ಮೇಲಿನ ವಿಷಯದಲ್ಲಿ ಪ್ರೆಸ್ ಎಂಬ ಮಾತೇ ಇರಲಿಲ್ಲ. ತೆರೆದು ಓದಿದೆ. ಧನ್ಯವಾದಗಳು, ನಲ್ಲಿ, ಸಮವಸ್ತ್ರ. ಎಲ್ಲಕ್ಕಿಂತ ಕೆಳಗೆ, ಸೆನ್ಸರ್.

ಮೂರನೇ ದಿನ ಬೆಂಗಳೂರಿನಿಂದ ಮೇಲ್ ಬಂತು. ಅಪಘಾತ ಹೇಗಾಯಿತು, ತಪ್ಪು ಯಾರದು ಎಂದು ಸಂಜೆಯೊಳಗೆ ಬರೆದು ಕಳಿಸಬೇಕು. ಮ್ಯಾನೇಜರ್ ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಮೂರು ದಿನದಲ್ಲಿ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ಆದರೆ ಹೆದರಿದ್ದರು. ಸೆನ್ಸರ್ ಕೆಟ್ಟಿದ್ದು ಗೊತ್ತಿದ್ದೂ ಯಂತ್ರ ನಡೆಸಿದರು ಎಂದಾದರೆ ಘಟಕವನ್ನೇ ಮುಚ್ಚಿಸುತ್ತಾರೆ, ಇಲ್ಲಿನವರೆಲ್ಲ ಬೀದಿಗೆ ಬೀಳುತ್ತಾರೆ ಎಂದರು. ಆಪರೇಟರ್‌ನ ಅಜಾಗರೂಕತೆ ಎಂದು ಬರೆ ಎಂದರು. ಅಂಥ ವರದಿ ಹೋದರೆ ಆ ಅಣ್ಣನ ಕೆಲಸ ಹೋಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಮೂರು ಬೆರಳಿಲ್ಲದ ಕೈಗೆ ಇನ್ನೊಂದು ಕಾರ್ಖಾನೆ ಕೆಲಸ ಕೊಡುವುದಿಲ್ಲ. ಸೆನ್ಸರ್ ವಿಷಯ ಮೊದಲೇ ಬರೆದಿದ್ದೆವಲ್ಲ ಸರ್ ಎಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ‘ನೋಡಮ್ಮ, ಆ ಮೇಲ್ ಯಾರೂ ಓದಿಲ್ಲ. ನಾನೂ ಪೂರ್ತಿ ಓದಿಲ್ಲ. ಓದಿಲ್ಲ ಅಂದ್ಮೇಲೆ ಅದು ಇಲ್ದಂಗೇ.’

ನಾನು ಬಂದು ಬರೆಯಲು ಕೂತೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ವಿಷಯದ ಜಾಗದಲ್ಲಿ ‘ಮೂರನೇ ಪ್ರೆಸ್ ಅಪಘಾತ: ಆಪರೇಟರ್‌ನ ಅಜಾಗರೂಕತೆ’. ಮೊದಲ ಸಾಲಿನಲ್ಲೇ, ಸೂಚನೆ ಮೀರಿ ಕೈ ಒಳಗಿಟ್ಟಿದ್ದರಿಂದ ಅಪಘಾತವಾಯಿತು ಎಂದು. ಕ್ಷೇಮ ಸಮಾಚಾರವಿಲ್ಲ, ಧನ್ಯವಾದವಿಲ್ಲ. ಒಟ್ಟು ನಾಲ್ಕೇ ಸಾಲು. ಓದಿ ನೋಡಿದೆ. ಅಲ್ಲಿಯವರೆಗೆ ನಾನು ಬರೆದ ಮೇಲ್‌ಗಳಲ್ಲೆಲ್ಲ ಅಷ್ಟು ಚೊಕ್ಕವಾಗಿ, ಅಷ್ಟು ನೇರವಾಗಿ ಬರೆದದ್ದು ಅದೊಂದೇ. ಒಬ್ಬರ ಕೈ ಉಳಿಸುವ ಮಾತನ್ನು ಶೌಚಾಲಯದ ನಲ್ಲಿಯ ಕೆಳಗೆ ಬರೆದಿದ್ದೆ. ಅವರ ಮೇಲೆ ತಪ್ಪು ಹೊರಿಸುವ ಮಾತು ಮಾತ್ರ ತಾನಾಗಿ ಮೊದಲ ಸಾಲಿಗೆ ಬಂದಿತ್ತು. ಹಾಗಾದರೆ ನನಗೆ ಬರೆಯಲು ಬಾರದೆ ಇರಲಿಲ್ಲ. ಯಾರ ಮನಸ್ಸು ಕೆಡಬಾರದು, ಯಾರದು ಕೆಟ್ಟರೂ ನಡೆಯುತ್ತದೆ ಎಂಬುದನ್ನು ನಾನು ಚೆನ್ನಾಗಿಯೇ ತಿಳಿದಿದ್ದೆ.

ಕಳಿಸುವ ಗುಂಡಿ ಒತ್ತಲಾಗಲಿಲ್ಲ. ನೀರು ಕುಡಿಯಲೆಂದು ಎದ್ದು ಕಿಟಕಿಯ ಹತ್ತಿರ ನಿಂತೆ. ಕೆಳಗೆ ಮೂರನೇ ಪ್ರೆಸ್ ಓಡುತ್ತಿತ್ತು. ಎರಡು ದಿನ ನಿಲ್ಲಿಸಿದ್ದವರು ಒರೆಸಿ, ತೊಳೆದು, ಒಂದು ಸಲ ಓಡಿಸಿ ನೋಡಿ, ಆ ಬೆಳಿಗ್ಗೆಯಷ್ಟೇ ಮತ್ತೆ ಶುರು ಮಾಡಿದ್ದರು. ಕೋರ ಎಂಬ ಹಳ್ಳಿಯ ಕಡೆಯ ಇನ್ನೊಬ್ಬ ಆಪರೇಟರನ್ನು ಅಲ್ಲಿ ಕೂರಿಸಿದ್ದರು. ತಗಡು ಇಡುತ್ತಿದ್ದರು, ಕೈ ತೆಗೆಯುತ್ತಿದ್ದರು, ಮತ್ತೆ ಇಡುತ್ತಿದ್ದರು. ಪ್ರತಿ ಸಲ ಕೈ ಹೊರಬಂದಾಗಲೂ ನಾನು ಬೆರಳು ಎಣಿಸುತ್ತಿದ್ದೆ. ಸೆನ್ಸರ್ ಅದೇ ಹಳೆಯದು. ಕೆಟ್ಟಿದೆ ಎಂದು ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಮೇಲೆ ಯಾರು ಬದಲಾಯಿಸುತ್ತಾರೆ?

ಮೇಜಿಗೆ ಬಂದು ಆ ನಾಲ್ಕು ಸಾಲು ಅಳಿಸಿದೆ. ನನ್ನ ಸ್ವಂತ ಐಡಿ ತೆರೆದೆ. ವಿಷಯದ ಜಾಗದಲ್ಲಿ ಬರೆದೆ: ‘ಮೂರನೇ ಪ್ರೆಸ್ಸಿನ ಸೆನ್ಸರ್ ಕೆಟ್ಟಿದೆ. ಯಂತ್ರ ಈಗಲೂ ಓಡುತ್ತಿದೆ.’ ಕೆಳಗೆ ಮೂರು ಸಾಲು. ಅಪಘಾತಕ್ಕೆ ಮುಂಚೆಯೇ ಆಪರೇಟರ್ ಇದನ್ನು ತಿಳಿಸಿದ್ದರು. ನಾನು ಅದನ್ನು ವರದಿಯ ಆರನೇ ಪ್ಯಾರಾದಲ್ಲಿ ಬರೆದಿದ್ದೆ, ಆ ಮೇಲ್ ಜೊತೆಗಿದೆ. ಈ ಹೊತ್ತು ಅದೇ ಯಂತ್ರದಲ್ಲಿ ಇನ್ನೊಬ್ಬರು ಕೂತಿದ್ದಾರೆ. ಮುಖ್ಯ ಕಚೇರಿಯ ಯಂತ್ರ ವಿಭಾಗದ ಮುಖ್ಯಸ್ಥರಿಗೆ ಕಳಿಸಿದೆ, ಒಂದು ಪ್ರತಿ ನಮ್ಮ ಮ್ಯಾನೇಜರಿಗೂ. ಮಾನ್ಯರೇ ಎಂದು ಬರೆಯುವುದನ್ನೂ ಮರೆತಿದ್ದೆ. ಕೆಲಸ ಹೋಯಿತು ಎಂದೇ ಅಂದುಕೊಂಡು ಟಿಫನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿದೆ.

ಒಂಬತ್ತು ನಿಮಿಷಕ್ಕೆ ಉತ್ತರ ಬಂತು. ಒಂದೇ ಸಾಲು. ಯಂತ್ರವನ್ನು ಈ ಕ್ಷಣ ನಿಲ್ಲಿಸಿ, ನಾನು ಹೊರಟಿದ್ದೇನೆ ಎಂದಿತ್ತು. ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಬಂದು, ನನ್ನ ಕಡೆ ನೋಡದೆ, ದಡದಡ ಮೆಟ್ಟಿಲಿಳಿದು ಹೋದರು. ಪ್ರೆಸ್ ನಿಂತಿತು. ಕೋರದವರು ಏನಾಯಿತೆಂದು ತಿಳಿಯದೆ ಎದ್ದು ನಿಂತು, ಹಣೆ ಒರೆಸಿಕೊಂಡು, ನೀರಿನ ಬಾಟಲಿ ಎತ್ತಿಕೊಂಡರು. ನಾನು ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಮುಖ ಮುಚ್ಚಿಕೊಂಡು ಅತ್ತೆ. ಧೈರ್ಯ ಮಾಡಿದೆನೆಂದು ಅತ್ತದ್ದಲ್ಲ. ಎರಡು ವಾರದ ಹಿಂದೆಯೂ ಒಂಬತ್ತೇ ನಿಮಿಷ ಸಾಕಾಗುತ್ತಿತ್ತು.

ಬೆಂಗಳೂರಿನಿಂದ ಬಂದ ಆ ಮುಖ್ಯಸ್ಥರು ಸಂಜೆ ನನ್ನನ್ನು ಕರೆಸಿದರು. ಬಯ್ಯಲಿಲ್ಲ. ಹಳೆಯ ಮೇಲ್‌ನ ಪ್ರಿಂಟ್ ಮುಂದಿಟ್ಟು, ತಾವು ಮೊದಲ ಪ್ಯಾರಾ ನೋಡಿ ಮುಚ್ಚಿದ್ದಾಗಿ ಒಪ್ಪಿಕೊಂಡರು. ಇಷ್ಟು ದೊಡ್ಡ ವಿಷಯವನ್ನು ಸಣ್ಣ ವಿಷಯ ಎಂದು ಯಾಕೆ ಬರೆದಿರಿ ಎಂದು ಕೇಳಿದರು. ನಮ್ಮ ಕಡೆ ಹಾಗೇ ಸರ್ ಎನ್ನಲು ಬಾಯಿ ಬರಲಿಲ್ಲ. ವಿಚಾರಣೆಯಲ್ಲಿ ಆಪರೇಟರ್‌ನ ತಪ್ಪಿಲ್ಲ ಎಂದು ಬರೆದರು. ಗಾಯ ಮಾಗಿದ ಮೇಲೆ ಸ್ಟೋರ್ಸಿನಲ್ಲಿ ಕೆಲಸ ಎಂದೂ ಆಯಿತು. ಘಟಕ ಮುಚ್ಚಲಿಲ್ಲ. ಮ್ಯಾನೇಜರ್ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ, ತಮ್ಮ ಮೇಲ್‌ಗಳನ್ನು ತಾವೇ ಬೆವರುತ್ತಾ ಬರೆಯತೊಡಗಿದರು. ಅಕ್ಕಪಕ್ಕದವರು ನೀನು ಗಟ್ಟಿಗಿತ್ತಿ ಕಣೇ ಎಂದು ಬೆನ್ನು ತಟ್ಟಿದರು. ಅವರ ಮೇಲೆ ರೇಗಿದೆ. ಪಾಪ, ಅವರಿಗೇನು ಗೊತ್ತು.

ಅದಾದ ಮೂರನೇ ಭಾನುವಾರ ಕುಣಿಗಲ್‌ಗೆ ಬಸ್ ಹತ್ತಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಅವರ ಊರಿಗೆ ಹೋದೆ. ದಾರಿಯುದ್ದಕ್ಕೂ ನಾಲೆಯ ಪಕ್ಕ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅವರು ಜಗಲಿಯ ಮೇಲೆ ಕೂತಿದ್ದರು, ಬಲಗೈ ಬಿಳಿ ಬಟ್ಟೆಯ ಉಂಡೆಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತರು. ಅವರ ಹೆಂಡತಿ ಒಳಗಿಂದ ಬಂದು, ಬನ್ನಿ ಮೇಡಮ್ಮಾರೆ, ನೀರು ಕುಡೀರಿ ಎಂದರು. ನಾನು ಅಂಗಳದಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಹೇಳಿಬಿಟ್ಟೆ.

‘ಅಣ್ಣ, ನೀವು ಹೇಳಿದ್ದನ್ನ ನಾನು ಬರೆದಿದ್ದೆ. ಆದ್ರೆ ಎಲ್ಲಾ ಆದ್ಮೇಲೆ, ಕೊನೇಲಿ ಬರೆದಿದ್ದೆ. ಅದಕ್ಕೇ ಯಾರೂ ಓದ್ಲಿಲ್ಲ.’

ಆ ಹೆಣ್ಣುಮಗಳು ನೀರಿನ ಚೊಂಬು ಹಿಡಿದು ಹಾಗೇ ನಿಂತರು. ಅಣ್ಣ ಮತ್ತೆ ಜಗಲಿಯ ಮೇಲೆ ಕೂತರು. ಬಯ್ಯಲಿ ಎಂದು ನಾನು ಕಾದೆ. ನಿಜ ಹೇಳಬೇಕೆಂದರೆ ಬೈಸಿಕೊಳ್ಳಲೆಂದೇ ಅಷ್ಟು ದೂರ ಹೋಗಿದ್ದೆ. ಕೊನೆಗೆ ಅವರು, ಆ ಮೇಲ್ ಇದ್ದರೆ ತೋರಿಸಿ ಎಂದರು. ಸೆನ್ಸರ್ ವಿಷಯ ಹೇಳಿದ್ದೆ ಅಂದರೆ ಊರಲ್ಲಿ ಯಾರೂ ನಂಬುತ್ತಿಲ್ಲವಂತೆ, ಕುಡಿದು ಕೆಲಸಕ್ಕೆ ಹೋಗಿದ್ದ ಎಂದು ಆಡಿಕೊಳ್ಳುತ್ತಾರಂತೆ. ನಾನು ನನ್ನ ಮೇಲ್ ಜೊತೆ ಕಳಿಸಿದ್ದ ಆ ಹಳೆಯ ಮೇಲನ್ನು ಫೋನಿನಲ್ಲಿ ತೆರೆದು ಕೊಟ್ಟೆ.

ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಎಡಗೈ ಹೆಬ್ಬೆರಳಿನಿಂದ ಪರದೆ ಸರಿಸತೊಡಗಿದರು. ಆ ಕೈಗೆ ಅಭ್ಯಾಸವಿರಲಿಲ್ಲ. ಸ್ವಲ್ಪ ಸರಿದು ಮತ್ತೆ ಮೇಲಕ್ಕೆ ಹಾರುತ್ತಿತ್ತು, ಅವರು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಪ್ರೆಸ್ ಎಂಬ ಪದವನ್ನೂ ಮೂರು ಎಂಬ ಅಂಕಿಯನ್ನೂ ಗುರುತು ಹಿಡಿಯಬಲ್ಲರು. ಅವನ್ನೇ ಹುಡುಕುತ್ತಾ ಸಾಲಿಂದ ಸಾಲಿಗೆ ಇಳಿದರು. ಅವರ ಹೆಂಡತಿಯೂ ಬಗ್ಗಿ ನೋಡುತ್ತಿದ್ದರು.

‘ಎಲ್ಲೈತೆ ಮೇಡಂ?’ ಎಂದರು.

‘ಇನ್ನೂ ಕೆಳಗೆ ಅಣ್ಣ,’ ಎಂದೆ.